ಚೌಡಿಕೆ ಚರ್ಮವಾದ್ಯವಲ್ಲ

ಬೀದರ್ ಜಿಲ್ಲೆಯ ಜನಪದ ವಾದ್ಯಗಳ ಪಟ್ಟಿ ಮಾಡಲು ಕೂತವರು ಹಲಗೆ, ಸಂಬಾಳ, ದಿಮಡಿ, ಡೋಲು ಎಂದು ಬರೆಯುತ್ತ ಹೋಗಿ ಅದೇ ಸಾಲಿನ ಕೊನೆಗೆ ಚೌಡಿಕೆಯನ್ನೂ ಸೇರಿಸಿಬಿಡುವುದು ಸಾಮಾನ್ಯ. ಅದಕ್ಕೆ ಕಾರಣ ಕಣ್ಣಿಗೇ ಕಾಣುತ್ತದೆ. ಚೌಡಿಕೆ ಎಂದರೆ ಸುಮಾರು ಒಂದು ಗೇಣಿನ ಪೊಳ್ಳು ಡಬ್ಬಿ. ಹೆಚ್ಚಾಗಿ ಮರದ್ದು, ಕೆಲವು ಕಡೆ ಹಿತ್ತಾಳೆಯದು. ಒಂದು ಬಾಯಿಗೆ ಆಡಿನ ತೊಗಲು ಬಿಗಿದಿರುತ್ತದೆ, ಇನ್ನೊಂದು ಬಾಯಿ ಹಾಗೇ ತೆರೆದಿರುತ್ತದೆ. ತೊಗಲಿನ ನಟ್ಟನಡುವೆ ಒಂದು ತೂತು. ಅದರಲ್ಲಿ ಕರುಳಿನ ತಂತಿ ಪೋಣಿಸಿ ಹೊರಗಡೆ ಗಂಟು ಹಾಕಿ ನಿಲ್ಲಿಸಿರುತ್ತಾರೆ. ತಂತಿ ಡಬ್ಬಿಯ ಹೊಟ್ಟೆಯೊಳಗಿಂದ ಹಾದು ತೆರೆದ ಬಾಯಿಯಿಂದ ಹೊರಬಂದು ಒಂದು ಪುಟ್ಟ ಹಿಡಿಯಲ್ಲಿ ಮುಗಿಯುತ್ತದೆ. ಡಬ್ಬಿ ಎಡಗಂಕುಳಲ್ಲಿ, ಹಿಡಿ ಎಡಗೈ ಮುಷ್ಟಿಯಲ್ಲಿ, ತಂತಿ ಮೀಟುವ ಕಡ್ಡಿ ಬಲಗೈಯಲ್ಲಿ. ಮುಷ್ಟಿ ಎಳೆದಂತೆ ನಾದ ಏರುತ್ತದೆ, ಸಡಿಲ ಬಿಟ್ಟಂತೆ ಇಳಿಯುತ್ತದೆ. ನೋಡಿದವರಿಗೆ ಡಬ್ಬಿಯೂ ತೊಗಲೂ ಕಾಣುತ್ತವೆ, ಕೇಳಿದವರಿಗೆ ತಾಳ ಕೇಳುತ್ತದೆ. ಹೀಗಾಗಿ ಅದು ಚರ್ಮವಾದ್ಯವಾಯಿತು. ಈ ಅಧ್ಯಾಯದ ವಾದ ಇಷ್ಟೇ: ಆ ಪಟ್ಟಿ ತಪ್ಪು. ಚೌಡಿಕೆ ತಂತಿವಾದ್ಯ. ಅದರಲ್ಲೂ ವೀಣೆ, ಸಿತಾರ್, ಪಿಟೀಲುಗಳಲ್ಲಿ ಇಲ್ಲದ ಒಂದು ಭೌತಿಕ ಗುಣ ಇರುವ ಅಪರೂಪದ ತಂತಿವಾದ್ಯ. ಹೀಗೆಂದು ಒಪ್ಪಿಕೊಂಡರೆ ಮಾತ್ರ ಅದನ್ನು ಹಿಡಿಯುವ ರೀತಿ, ಮೀಟುವ ರೀತಿ, ಅದರ ಚುಟುಕು ಜಾರು ನಾದ, ಎಲ್ಲಕ್ಕೂ ಕಾರಣ ಸಿಗುತ್ತದೆ.

ಮೊದಲು ಈ ವಾದ್ಯ ಎಲ್ಲಿಯದು ಎಂದು ನೋಡೋಣ. ಉತ್ತರ ಕರ್ನಾಟಕದಲ್ಲಿ ಚೌಡಿಕೆ ಎಂದರೆ ಎಲ್ಲಮ್ಮನ ವಾದ್ಯ. ಜೋಗತಿಯರು, ಜೋಗಪ್ಪಂದಿರು ಅದನ್ನು ನುಡಿಸುತ್ತ ಪದ ಹಾಡುತ್ತಾರೆ. ಮಹಾರಾಷ್ಟ್ರದಲ್ಲಿ ಇದೇ ವಾದ್ಯಕ್ಕೆ ಚೌಂಡಕೆ ಎನ್ನುತ್ತಾರೆ. ತೆಲಂಗಾಣದಲ್ಲಿ ಬೈಂಡ್ಲರು ರೇಣುಕಾ ಎಲ್ಲಮ್ಮನ ಕಥೆ ಹೇಳುವಾಗ ಹಿಡಿಯುವ ಜಮಿಡಿಕೆಯೂ ಇದೇ ಕುಲದ್ದು. ಮೂರು ಭಾಷೆ, ದೇವಿ ಒಬ್ಬಳೇ, ವಾದ್ಯದ ಕಟ್ಟು ಒಂದೇ. ಬೀದರ್ ಈ ಮೂರೂ ಸೀಮೆಗಳು ಕೂಡುವ ಜಾಗ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿ ಉದಗೀರ, ನಿಲಂಗಾ, ಅಹಮದಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲವೂ ಇದ್ದವು. ಆಮೇಲೆ ಮೊದಲ ಮೂರು ಮರಾಠಿ ಕಡೆಗೂ ಉಳಿದೆರಡು ತೆಲುಗು ಕಡೆಗೂ ಹೋದವು. ಬೀದರ್ ಜಿಲ್ಲೆಯ ಔರಾದಿನ ಭಕ್ತರಿಗೆ ಎಲ್ಲಮ್ಮನ ಸವದತ್ತಿಗಿಂತ ನಾಂದೇಡ್ ಜಿಲ್ಲೆಯ ಮಾಹೂರಿನ ರೇಣುಕೆ ಹತ್ತಿರ. ಭಾಲ್ಕಿಯವರಿಗೆ ತುಳಜಾಪುರದ ಭವಾನಿ ಹತ್ತಿರ. ಭಾಲ್ಕಿ ತಾಲ್ಲೂಕಿನಲ್ಲೇ ಇರುವ ಖಾನಾಪುರದ ಮೈಲಾರ ಮಲ್ಲಣ್ಣನನ್ನು ಮರಾಠಿ ಭಕ್ತರು ಖಂಡೋಬಾ ಎಂದು ಕರೆದು ನಡೆದುಕೊಳ್ಳುತ್ತಾರೆ. ವಾದ್ಯಗಳು ಓಡಾಡುವುದು ಈ ಹರಕೆಯ ದಾರಿಗಳಲ್ಲಿ, ಕಂದಾಯ ನಕ್ಷೆಯ ಗೆರೆಗಳ ಮೇಲಲ್ಲ.

ಚೌಡಿಕೆಗೆ ಈ ಸೀಮೆಯಲ್ಲಿ ಒಂದು ಒಡಹುಟ್ಟು ಉಂಟು, ಅದೇ ತುಂತುಣಿ. ಭವಾನಿಯ ಗೊಂದಲ ಹಾಕುವ ಗೊಂದಲಿಗರಲ್ಲಿ ಒಬ್ಬರು ಸಂಬಾಳ ಬಾರಿಸಿದರೆ ಇನ್ನೊಬ್ಬರು ತುಂತುಣಿ ಮೀಟುತ್ತಾರೆ. ಖಂಡೋಬಾನ ವಗ್ಗಯ್ಯಗಳು ದಿಮಡಿಯ ಜೊತೆಗೆ ಅದನ್ನೇ ಹಿಡಿಯುತ್ತಾರೆ. ಗೀಗೀ ಮೇಳದಲ್ಲೂ ಅದು ಇದೆ. ತುಂತುಣಿಯಲ್ಲಿಯೂ ಡಬ್ಬಿ, ತೊಗಲು, ತೊಗಲಿನ ನಡುವಿಂದ ಹೊರಡುವ ತಂತಿ ಎಲ್ಲ ಇವೆ. ವ್ಯತ್ಯಾಸ ಒಂದೇ. ಡಬ್ಬಿಯ ಪಕ್ಕಕ್ಕೆ ಒಂದು ಕೋಲು ಜಡಿದು ಅದರ ತುದಿಯ ಬಿರಡೆಗೆ ತಂತಿಯನ್ನು ಸುತ್ತಿರುತ್ತಾರೆ. ಹಾಗಾಗಿ ಎಳೆತ ಬದಲಾಗುವುದಿಲ್ಲ, ಒಂದೇ ಶ್ರುತಿ ನಿಲ್ಲುತ್ತದೆ. ಕೋಲು ಕಿತ್ತು ಬಿರಡೆಯ ಕೆಲಸವನ್ನು ಮುಷ್ಟಿಗೆ ಒಪ್ಪಿಸಿದರೆ ತುಂತುಣಿ ಚೌಡಿಕೆಯಾಗುತ್ತದೆ. ಈ ಜೋಡಿಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಸಾಕ್ಷಿಗೆ ಬೇಕಾಗುತ್ತದೆ.

ಈಗ ಭೌತಶಾಸ್ತ್ರಕ್ಕೆ ಬರೋಣ. ವೀಣೆಯಲ್ಲಿ ತಂತಿ ಮರದ ಹಲಗೆಯ ಮೇಲೆ ಅದಕ್ಕೆ ಸಮಾನಾಂತರವಾಗಿ ಓಡುತ್ತದೆ, ಎರಡರ ನಡುವೆ ತಂತಿಯನ್ನು ಎತ್ತಿ ಹಿಡಿಯುವ ಕುದುರೆ ಇರುತ್ತದೆ. ತಂತಿ ಮೇಲೆ ಕೆಳಗೆ ಅದುರಿದಾಗ ಕುದುರೆಯನ್ನು ಒತ್ತುತ್ತದೆ, ಎತ್ತುತ್ತದೆ. ತಂತಿ ಸೆಕೆಂಡಿಗೆ 150 ಸಲ ಅದುರಿದರೆ ಹಲಗೆಯೂ 150 ಸಲ ಅದುರುತ್ತದೆ. ಚೌಡಿಕೆಯಲ್ಲಿ ಕುದುರೆಯೇ ಇಲ್ಲ. ತಂತಿ ತೊಗಲಿಗೆ ಲಂಬವಾಗಿ, ಅದರ ಎದೆಯಿಂದ ನೇರವಾಗಿ ಹೊರಡುತ್ತದೆ. ಮೀಟಿದಾಗ ತಂತಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಆ ಓಲಾಟ ತೊಗಲನ್ನು ಒಳಕ್ಕೆ ಹೊರಕ್ಕೆ ನೇರವಾಗಿ ದೂಡಲಾರದು, ದಿಕ್ಕೇ ಬೇರೆ. ತೊಗಲಿಗೆ ತಲುಪುವುದು ಎಳೆತದ ಏರಿಳಿತ ಮಾತ್ರ. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನು ನಡುವೆ ಹಿಡಿದು ಎಡಕ್ಕೆ ಜಗ್ಗಿದರೂ ಎರಡೂ ಕಂಬ ಒಳಕ್ಕೆ ಬಾಗುತ್ತವೆ, ಬಲಕ್ಕೆ ಜಗ್ಗಿದರೂ ಒಳಕ್ಕೇ ಬಾಗುತ್ತವೆ. ಚೌಡಿಕೆಯ ತಂತಿಯೂ ಹಾಗೆಯೇ. ಎಡತುದಿಗೆ ಹೋದಾಗ ಒಮ್ಮೆ ಹಿಗ್ಗಿ ತೊಗಲನ್ನು ಸೆಳೆಯುತ್ತದೆ, ನಡುವಿಗೆ ಬಂದಾಗ ಸಡಿಲುತ್ತದೆ, ಬಲತುದಿಗೆ ಹೋದಾಗ ಮತ್ತೊಮ್ಮೆ ಸೆಳೆಯುತ್ತದೆ. ತಂತಿಯ ಒಂದು ಸುತ್ತಿನ ಓಲಾಟಕ್ಕೆ ತೊಗಲಿನದು ಎರಡು ಸೆಳೆತ. ತಂತಿ 150 ಸಲ ಅದುರಿದರೆ ತೊಗಲು 300 ಸಲ ಅದುರುತ್ತದೆ, ಕಿವಿಗೆ ಬೀಳುವುದು ಒಂದು ಸ್ಥಾಯಿ ಮೇಲಿನ ನಾದ. ಅಂದರೆ ಕೆಳಗಿನ ಷಡ್ಜದಲ್ಲಿ ಅದುರುತ್ತಿರುವ ತಂತಿಯಿಂದ ಮೇಲಿನ ಷಡ್ಜ ಹೊರಡುತ್ತದೆ.

ಬಿಎಸ್ಸಿ ಭೌತಶಾಸ್ತ್ರ ಓದಿದವರಿಗೆ ಇದು ಎಲ್ಲೋ ನೋಡಿದ್ದು ಅನ್ನಿಸಬಹುದು. ಜರ್ಮನಿಯ ಫ್ರಾಂಟ್ಸ್ ಮೆಲ್ಡೆ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಮಾಡಿ ತೋರಿಸಿದ ಪ್ರಯೋಗ ಇವತ್ತಿಗೂ ಕಾಲೇಜು ಲ್ಯಾಬಿನಲ್ಲಿದೆ. ಶ್ರುತಿಕವೆಯ ಒಂದು ಕಡ್ಡಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ರಾಟೆಯ ಮೇಲಿಂದ ಹಾಯಿಸಿ ತಟ್ಟೆಯಲ್ಲಿ ತೂಕ ಇಡುತ್ತಾರೆ. ಕವೆಯ ಅದುರಾಟ ದಾರಕ್ಕೆ ಅಡ್ಡಲಾಗಿದ್ದರೆ ದಾರವೂ ಅಷ್ಟೇ ಸಲ ಅದುರುತ್ತದೆ. ಕವೆಯನ್ನು ತಿರುಗಿಸಿ ಅದುರಾಟ ದಾರದ ಉದ್ದಕ್ಕೇ ಇರುವಂತೆ ಮಾಡಿದರೆ ದಾರ ಅರ್ಧದಷ್ಟು ಸಲ ಮಾತ್ರ ಅದುರುತ್ತದೆ. ಎರಡನೆಯ ಜೋಡಣೆಯನ್ನು ಹಿಂದುಮುಂದು ಮಾಡಿ. ಕವೆಯ ಜಾಗದಲ್ಲಿ ತೊಗಲು, ಚಾಲನೆ ಕೊಡುವುದು ದಾರ. ಅದೇ ಚೌಡಿಕೆ. ಕೇಂಬ್ರಿಜ್‌ನ ಭೌತವಿಜ್ಞಾನಿ ಆಡ್ಕಿನ್ಸ್ ಮತ್ತು ಸಂಗಡಿಗರು ಇಂಥ ವಾದ್ಯಗಳ ಈ ಗುಣವನ್ನು 1981ರಲ್ಲಿ ವಿವರಿಸಿದರು. ನಮ್ಮ ಸಿ. ವಿ. ರಾಮನ್ ಅದಕ್ಕೂ ಬಹಳ ಮುಂಚೆ, ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದ ಕಾಲದಲ್ಲೇ, 1909ರಲ್ಲಿ ಏಕತಾರಿಯ ಮೇಲೆ ಒಂದು ಪುಟ್ಟ ಲೇಖನ ಪ್ರಕಟಿಸಿದ್ದರು. ಬಂಗಾಳದ ಬಾವುಲರು ಹಿಡಿಯುವ ಏಕತಾರಿ ನಮ್ಮ ತತ್ತ್ವಪದದ ಏಕತಾರಿಯಂಥದಲ್ಲ. ಅದು ತುಂತುಣಿಯ ಹಾಗೆ ತೊಗಲಿನ ಎದೆಯಿಂದ ತಂತಿ ಹೊರಡುವ ವಾದ್ಯ. ಮುಂದಿನ ವರ್ಷಗಳಲ್ಲಿ ರಾಮನ್ ಮೆಲ್ಡೆಯ ಪ್ರಯೋಗದ ಬೆನ್ನು ಬಿಡದೆ ತಂತಿಯ ಅದುರಾಟಗಳನ್ನು ಹುಡುಕುತ್ತ ಹೋದರು. ಬೆಳಕಿನ ಚದುರುವಿಕೆಗೆ ನೊಬೆಲ್ ಪಡೆದವರ ಶುರುವಾತು ಇಂಥ ಬಡ ತಂತಿಗಳಲ್ಲಿತ್ತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಯಾಕೆ ಹೇಳುವುದಿಲ್ಲವೋ ಕಾಣೆ.

ಈ ಎರಡು ಪಟ್ಟಿನ ಗುಣದ ಬೆನ್ನಿಗೇ ಇನ್ನಷ್ಟು ಗುಣಗಳು ಬರುತ್ತವೆ. ವೀಣೆಯಲ್ಲಿ ತಂತಿಯ ಓಲಾಟ ಅರ್ಧಕ್ಕೆ ಇಳಿದರೆ ಕುದುರೆಯ ಮೇಲಿನ ಬಲವೂ ಅರ್ಧಕ್ಕೆ ಇಳಿಯುತ್ತದೆ. ಚೌಡಿಕೆಯಲ್ಲಿ ಎಳೆತದ ಏರಿಳಿತ ಓಲಾಟದ ವರ್ಗಕ್ಕೆ ಅನುಗುಣ. ಓಲಾಟ ಅರ್ಧವಾದರೆ ತೊಗಲಿಗೆ ಸಿಗುವ ಸೆಳೆತ ಕಾಲುಭಾಗವಾಗುತ್ತದೆ. ಆದ್ದರಿಂದ ಮೆಲ್ಲಗೆ ಬೆರಳಲ್ಲಿ ಮೀಟಿದರೆ ಚೌಡಿಕೆ ಮಾತೇ ಆಡುವುದಿಲ್ಲ. ಕಡ್ಡಿ ಹಿಡಿದು ಬಲವಾಗಿ ಮೀಟಲೇಬೇಕು. ಅದೇ ಕಾರಣಕ್ಕೆ ನಾದ ಬೇಗ ಸಾಯುತ್ತದೆ. ತಂತಿ ಇನ್ನೂ ಓಲಾಡುತ್ತಿರುವಾಗಲೇ ತೊಗಲು ಸುಮ್ಮನಾಗಿರುತ್ತದೆ, ಒಂದು ಮೀಟು ಮುಂದಿನ ಮೀಟಿನ ಮೇಲೆ ಕಾಲು ಚಾಚುವುದಿಲ್ಲ. ತಂತಿವಾದ್ಯವೊಂದು ತಾಳವಾದ್ಯದ ಕೆಲಸ ಮಾಡಬೇಕಾದರೆ ಬೇಕಾದ್ದು ಇದೇ: ಚುಟುಕಾಗಿ, ಖಚಿತವಾಗಿ ಮುಗಿಯುವ ನಾದ. ತಂಬೂರಿಯಲ್ಲಿ ತಾಳ ಹಾಕಲು ಯಾರೂ ಹೋಗುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಬಲವಾಗಿ ಮೀಟಿದ ಮೊದಲ ಕ್ಷಣದಲ್ಲಿ ತಂತಿ ಹೆಚ್ಚು ಹಿಗ್ಗಿರುವುದರಿಂದ ಅದರ ಸರಾಸರಿ ಎಳೆತ ಹೆಚ್ಚು, ನಾದ ಕೊಂಚ ಮೇಲಿರುತ್ತದೆ. ಓಲಾಟ ಕುಗ್ಗಿದಂತೆ ಕೆಳಗೆ ಜಾರುತ್ತದೆ. ಎಡಗೈ ಅಲುಗದಿದ್ದರೂ ಪ್ರತಿ ಮೀಟಿನ ಬಾಲದಲ್ಲಿ ಒಂದು ಸಣ್ಣ ಜಾರು ಇದ್ದೇ ಇರುತ್ತದೆ. ಚೌಡಿಕೆಯ ದನಿ ಮನುಷ್ಯರ ದನಿಯ ಹತ್ತಿರ ಬರುವುದು ಈ ಜಾರುವಿನಿಂದ.

ಇನ್ನು ಎಡಗೈಯ ಲೆಕ್ಕ. ತಂತಿಯ ಉದ್ದವೂ ದಪ್ಪವೂ ಹಾಗೇ ಇದ್ದಾಗ ಅದರ ಕಂಪನಸಂಖ್ಯೆ ಎಳೆತದ ವರ್ಗಮೂಲದಂತೆ ಏರುತ್ತದೆ. ಒಂದು ಕಿಲೋ ತೂಕದಷ್ಟು ಎಳೆತಕ್ಕೆ ಷಡ್ಜ ಬಂದರೆ ಪಂಚಮಕ್ಕೆ ಎರಡೂಕಾಲು ಕಿಲೋ, ಮೇಲಿನ ಷಡ್ಜಕ್ಕೆ ನಾಲ್ಕು ಕಿಲೋ ಬೇಕು. ಮೊಣಕೈಯಿಂದ ಡಬ್ಬಿಯನ್ನು ಪಕ್ಕೆಗೆ ಒತ್ತಿಕೊಂಡು ಮುಷ್ಟಿಯಿಂದ ಹಿಡಿಯನ್ನು ದೂರ ತಳ್ಳುವ ಆ ಭಂಗಿಯಲ್ಲಿ ಒಂದರಿಂದ ನಾಲ್ಕು ಕಿಲೋ ನಡುವಿನ ಬಲವನ್ನು ಹದವಾಗಿ ಏರಿಸಿ ಇಳಿಸುವುದು ಮನುಷ್ಯರ ತೋಳಿಗೆ ಸಲೀಸು. ಉಕ್ಕಿನ ತಂತಿ ಹಾಕಿದರೆ ಈ ಹದ ಕೆಡುತ್ತದೆ. ಉಕ್ಕು ಹಿಗ್ಗುವುದೇ ಕಡಿಮೆ, ಕೈ ಕೂದಲೆಳೆಯಷ್ಟು ಸರಿದರೂ ಎಳೆತ ನೆಗೆಯುತ್ತದೆ. ಕರುಳಿನ ತಂತಿಯೂ ತೊಗಲೂ ಎರಡೂ ಕೊಂಚ ಹಿಗ್ಗಿ ಕೊಡುವುದರಿಂದ ಕೈಗೆ ಓಡಾಡಲು ಜಾಗ ಸಿಗುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ದಾರಿ ಉದ್ದವಾಗುತ್ತದೆ.

ಇಷ್ಟೆಲ್ಲ ಇದ್ದರೂ ವಿದ್ವಾಂಸರು ಇದನ್ನು ಚರ್ಮವಾದ್ಯ ಎಂದದ್ದು ಯಾಕೆ? ಅವರೇನೂ ಸಾಮಾನ್ಯರಲ್ಲ. ಎರಿಕ್ ಫಾನ್ ಹಾರ್ನ್‌ಬೋಸ್ಟೆಲ್ ಮತ್ತು ಕುರ್ಟ್ ಜಾಕ್ಸ್ 1914ರಲ್ಲಿ ಪ್ರಕಟಿಸಿದ ವಾದ್ಯವರ್ಗೀಕರಣ ಇವತ್ತಿಗೂ ಜಗತ್ತಿನ ಸಂಗ್ರಹಾಲಯಗಳ ಆಧಾರ. ಅದರ ಬೇರು ನಮ್ಮ ಕಡೆಯೇ ಇದೆ. ನಾಟ್ಯಶಾಸ್ತ್ರದ ತತ, ಸುಷಿರ, ಅವನದ್ಧ, ಘನ ಎಂಬ ನಾಲ್ಕು ಬಗೆಯನ್ನು ಬ್ರಸೆಲ್ಸ್‌ನ ಮಾಹಿಯೋಂ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ತಮ್ಮ ಸಂಗ್ರಹಾಲಯದ ಪಟ್ಟಿಗೆ ಒಗ್ಗಿಸಿಕೊಂಡಿದ್ದರು, ಇವರಿಬ್ಬರು ಅದನ್ನು ಇನ್ನೂ ಬೆಳೆಸಿದರು. ಆ ಪಟ್ಟಿಯಲ್ಲಿ ಚೌಡಿಕೆಯ ಕುಲಕ್ಕೆ ಸಿಕ್ಕ ಜಾಗ ‘ಮೀಟುವ ಡೋಲು’ ಎಂಬ ಉಪವರ್ಗ. ತರ್ಕ ಹೀಗಿತ್ತು: ತಂತಿ ತೊಗಲಿಗೇ ಕಟ್ಟಿದೆ, ತಂತಿಯನ್ನು ಮೀಟುವುದು ತೊಗಲನ್ನು ಅದುರಿಸುವ ಒಂದು ಉಪಾಯ ಅಷ್ಟೇ, ಆದ್ದರಿಂದ ನಾದದ ಮೂಲ ತೊಗಲು. ಪ್ರಾಣಿಶಾಸ್ತ್ರದಿಂದ ಸಂಗೀತಶಾಸ್ತ್ರಕ್ಕೆ ಬಂದ ಲಾರೆನ್ಸ್ ಪಿಕನ್ 1981ರಲ್ಲಿ ಇದನ್ನು ಪ್ರಶ್ನಿಸಿ, ಇವು ತಂತಿವಾದ್ಯಗಳೇ ಎಂದು ವಾದಿಸಿದರು. ಪಿಕನ್ ಹೇಳಿದ್ದು ಸರಿ ಎಂದೇ ನನ್ನ ತೀರ್ಮಾನ. ಆದರೆ ಎದುರು ಪಕ್ಷದಲ್ಲಿ ಒಂದು ಗಟ್ಟಿ ಅಂಶ ಇದೆ, ಅದನ್ನು ತೇಲಿಸಿ ಬಿಡಬಾರದು. ಹಿಡಿ ಎಳೆದಾಗ ತಂತಿ ಮಾತ್ರ ಬಿಗಿಯಾಗುವುದಿಲ್ಲ, ತೊಗಲೂ ಬಿಗಿಯಾಗುತ್ತದೆ. ಏರಿದ ನಾದ ಬಿಗಿಯಾದ ತೊಗಲಿನದೇ ಯಾಕಾಗಿರಬಾರದು?

ಇದಕ್ಕೆ ಉತ್ತರವನ್ನು ಪಕ್ಕದಲ್ಲೇ ಇರುವ ಹಲಗೆ ಕೊಡುತ್ತದೆ. ಹಲಗೆಯ ನಾದ ನಿಜವಾಗಿಯೂ ತೊಗಲಿನದು. ಅದಕ್ಕೇ ಬಾರಿಸುವ ಮುಂಚೆ ಹುಲ್ಲೋ ಕಾಗದವೋ ಹೊತ್ತಿಸಿ ಹಲಗೆ ಕಾಯಿಸುತ್ತಾರೆ. ಗಾಳಿಯಲ್ಲಿನ ತೇವ ಹೀರಿದ ತೊಗಲು ಸಡಿಲಾಗಿ ಭಾರವಾಗಿರುತ್ತದೆ, ಬೆಂಕಿ ಆ ತೇವ ಓಡಿಸಿ ತೊಗಲನ್ನು ಬಿಗಿಯುತ್ತದೆ. ಬೆರಳಲ್ಲಿ ತಟ್ಟಿ ನೋಡುತ್ತ ದನಿ ಕಣಕಣ ಎನ್ನುವ ತನಕ ಕಾಯಿಸಿ, ಇಳಿದಾಗ ಮತ್ತೆ ಕಾಯಿಸುತ್ತಾರೆ. ಮಳೆಗಾಲದ ಮೆರವಣಿಗೆಯಲ್ಲಿ ಹಲಗೆಯ ಹಿಂದೆ ಬೆಂಕಿಯೂ ಇರಲೇಬೇಕು. ಚೌಡಿಕೆಯ ಶ್ರುತಿಗೆ ಬೆಂಕಿ ಬೇಕಿಲ್ಲ. ತೊಗಲು ಸಡಿಲಾದರೆ ಅದು ಕೊಂಚ ಒಳಕ್ಕೆ ಬಾಗುತ್ತದೆ ಅಷ್ಟೇ. ಕೈ ಅದೇ ಎರಡು ಕಿಲೋ ಎಳೆದರೆ ತಂತಿಯಲ್ಲಿ ಇರುವುದು ಅದೇ ಎರಡು ಕಿಲೋ, ಬರುವುದು ಅದೇ ಸ್ವರ. ದನಿಯ ಜೋರು ಕುಗ್ಗಬಹುದು, ಬಣ್ಣ ಮಂಕಾಗಬಹುದು, ಸ್ವರ ಮಾತ್ರ ಮುಷ್ಟಿಯ ಮಾತನ್ನೇ ಕೇಳುತ್ತದೆ. ಸ್ವರವನ್ನು ತೊಗಲು ತೀರ್ಮಾನಿಸುವ ವಾದ್ಯ ಹಲಗೆ, ತಂತಿ ತೀರ್ಮಾನಿಸುವ ವಾದ್ಯ ಚೌಡಿಕೆ. ವರ್ಗೀಕರಣಕ್ಕೆ ಇದಕ್ಕಿಂತ ನೇರವಾದ ಅಳತೆಗೋಲು ಇಲ್ಲ.

ಇನ್ನೊಂದು ಸಾಕ್ಷಿ ನಾದದ ಬಣ್ಣದಲ್ಲೇ ಇದೆ. ಬರೀ ತೊಗಲಿನ ದುಂಡು ಡೋಲನ್ನು ಬಡಿದಾಗ ಅದರ ಮೂಲಸ್ವರದ ಜೊತೆಗೆ ಹುಟ್ಟುವ ಉಪಸ್ವರಗಳು 1.59 ಪಟ್ಟು, 2.14 ಪಟ್ಟು, 2.30 ಪಟ್ಟು ಹೀಗೆ ಅಡ್ಡಾದಿಡ್ಡಿಯಾಗಿರುತ್ತವೆ. ಅದರಿಂದಲೇ ಡೋಲಿನ ದನಿಯಲ್ಲಿ ಸ್ವರ ಹಿಡಿಯುವುದು ಕಷ್ಟ. ತಬಲಾ, ಮೃದಂಗಗಳಲ್ಲಿ ಕರಣೆ ಮೆತ್ತಿ ಈ ಉಪಸ್ವರಗಳನ್ನು ಎರಡು ಪಟ್ಟು, ಮೂರು ಪಟ್ಟಿನ ಸಾಲಿಗೆ ತಂದಿದ್ದಾರೆಂದು ರಾಮನ್ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಚೌಡಿಕೆಯ ತೊಗಲಿಗೆ ಕರಣೆ ಇಲ್ಲ, ಆದರೂ ಸ್ವರ ಸ್ಪಷ್ಟ. ಯಾಕೆಂದರೆ ತಂತಿಯ ಉಪಸ್ವರಗಳು ಮೊದಲೇ ಒಂದು, ಎರಡು, ಮೂರು ಎಂದು ಸಾಲಾಗಿವೆ. ಎಳೆತದ ಏರಿಳಿತದಲ್ಲಿ ಒಂದೊಂದೂ ಇಮ್ಮಡಿಯಾಗಿ ಎರಡು, ನಾಲ್ಕು, ಆರು ಎಂದು ಹೊರಬೀಳುತ್ತದೆ. ಸಾಲು ಕೆಡುವುದಿಲ್ಲ, ಇಡೀ ಸಾಲು ಒಂದು ಸ್ಥಾಯಿ ಮೇಲಕ್ಕೆ ಸರಿಯುತ್ತದೆ. ತೊಗಲಿನದು ಇಲ್ಲಿ ಒಡೆಯನ ಪಾತ್ರವಲ್ಲ, ವೀಣೆಯ ಹಲಗೆಯಂತೆ ತಂತಿ ಹೇಳಿದ್ದನ್ನು ಗಾಳಿಗೆ ದಾಟಿಸುವ ಪಾತ್ರ. ಇದು ಆದರ್ಶ ತಂತಿಯ ಲೆಕ್ಕ ಎಂಬುದೂ ನಿಜ. ಡಬ್ಬಿ ಕಂಕುಳಲ್ಲಿ ವಾಲಿದಾಗ ತಂತಿ ತೊಗಲಿಗೆ ಪೂರ್ತಿ ಲಂಬವಾಗಿ ಇರುವುದಿಲ್ಲ. ಆಗ ತಂತಿಯ ಅಡ್ಡ ಓಲಾಟವೂ ಅಷ್ಟಿಷ್ಟು ಸೋರಿ ಕೆಳಗಿನ ಸ್ಥಾಯಿಯ ಸ್ವರವೂ ಕೇಳುತ್ತದೆ. ಎರಡೂ ಸ್ಥಾಯಿ ಬೆರೆತ ಆ ದನಿ ಚೌಡಿಕೆಯ ಗುರುತೇ ಆಗಿದೆ.

‘ಇದೆಲ್ಲ ನಿಮ್ಮ ಸಮೀಕರಣ, ನುಡಿಸುವವರಿಗೆ ಇದರ ಗಂಧವೂ ಇಲ್ಲ, ಎಲ್ಲೋ ಆಕಸ್ಮಿಕವಾಗಿ ಹುಟ್ಟಿದ ಒರಟು ವಾದ್ಯಕ್ಕೆ ನೀವು ವಿಜ್ಞಾನದ ಶಾಲು ಹೊದಿಸುತ್ತಿದ್ದೀರಿ’ ಎಂಬ ಆಕ್ಷೇಪ ಬರುವುದು ಸಹಜ. ವಾದ್ಯ ಮಾಡಿದವರು ವರ್ಗಮೂಲ ಹಾಕಿರಲಿಲ್ಲ ಎಂಬುದನ್ನು ಒಪ್ಪೋಣ. ಪಿಟೀಲು ಮಾಡುತ್ತಿದ್ದ ಸ್ಟ್ರಾಡಿವೇರಿಯೂ ಹಾಕಿರಲಿಲ್ಲ. ಪ್ರಶ್ನೆ ಸಮೀಕರಣ ಗೊತ್ತಿತ್ತೇ ಎಂಬುದಲ್ಲ, ಕಿವಿಯಿಂದ ಆಯ್ಕೆ ನಡೆದಿತ್ತೇ ಎಂಬುದು. ಇಲ್ಲಿಗೆ ತುಂತುಣಿ–ಚೌಡಿಕೆ ಜೋಡಿ ಕೆಲಸಕ್ಕೆ ಬರುತ್ತದೆ. ಒಂದೇ ಡಬ್ಬಿ, ಒಂದೇ ತೊಗಲು, ಒಂದೇ ತಂತಿಯಿಂದ ಎರಡು ಬೇರೆ ಬೇರೆ ವಾದ್ಯ ಮಾಡಿಕೊಂಡು, ಎರಡನ್ನೂ ಬೆರೆಸದೆ ಉಳಿಸಿಕೊಂಡು ಬಂದಿದ್ದಾರೆ. ಸಂಬಾಳವೋ ದಿಮಡಿಯೋ ತಾಳ ನೋಡಿಕೊಳ್ಳುವ ಮೇಳದಲ್ಲಿ ಹಾಡಿಗೆ ಬೇಕಾದ್ದು ಅಲುಗದ ಆಧಾರಶ್ರುತಿ, ಅಲ್ಲಿ ಕೋಲೂ ಬಿರಡೆಯೂ ಇರುವ ತುಂತುಣಿ. ಎಲ್ಲಮ್ಮನ ಪದದಲ್ಲಿ ವಾದ್ಯ ಹಾಡಿಗೆ ಎದುರು ಮಾತಾಡಬೇಕು, ಸಾಲಿನ ಕೊನೆಯನ್ನು ಎತ್ತಿ ಇಳಿಸಬೇಕು, ‘ಉಧೋ ಉಧೋ’ ಎಂಬ ಕೂಗಿಗೆ ಜೊತೆಯಾಗಬೇಕು. ಅಲ್ಲಿ ಕೋಲು ಮಾಯ. ಆಕಸ್ಮಿಕ ಇಷ್ಟು ಅಚ್ಚುಕಟ್ಟಾಗಿ ಕೆಲಸ ಹಂಚುವುದಿಲ್ಲ. ಪಶ್ಚಿಮ ಆಫ್ರಿಕಾದ ಯೊರುಬಾ ಜನ ಕಂಕುಳಲ್ಲಿ ಅಮುಕಿ ನುಡಿಸುವ ಡುಂಡುನ್ ಡೋಲಿನಲ್ಲಿಯೂ ನಾದ ಏರಿಳಿಯುತ್ತದೆ. ಅವರ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುವುದರಿಂದ ಆ ಡೋಲು ನಿಜಕ್ಕೂ ಮಾತಾಡಬಲ್ಲದು. ಕನ್ನಡ, ಮರಾಠಿ, ತೆಲುಗುಗಳು ಅಂಥ ಭಾಷೆಗಳಲ್ಲ. ಚೌಡಿಕೆಗೆ ಪದಗಳು ಬರುವುದಿಲ್ಲ, ಮಾತಿನ ರಾಗ ಮಾತ್ರ ಬರುತ್ತದೆ: ಕೇಳುವ ಧಾಟಿ, ಒಪ್ಪುವ ಧಾಟಿ, ಗೋಳಿಡುವ ಧಾಟಿ.

ಇನ್ನು ‘ತೊಗಲೂ ದಾರವೂ ಇದ್ದರೆ ಯಾರಾದರೂ ಮಾಡಿಬಿಡಬಹುದಾದ ವಾದ್ಯ’ ಎನ್ನುವವರು ಭೂಗೋಳದ ಆಚೆ ಬದಿಯ ಇಂಕಾ ಸೀಮೆಯನ್ನು ಒಮ್ಮೆ ನೋಡಬೇಕು. ಆಂಡೀಸ್ ಪರ್ವತಗಳ ಆ ಸಾಮ್ರಾಜ್ಯದಲ್ಲಿ ದಾರ ಎಂದರೆ ಸಾಮಾನ್ಯ ವಸ್ತುವಲ್ಲ. ಕಂದಾಯದ ಲೆಕ್ಕವನ್ನು ಕೀಪು ಎಂಬ ದಾರದ ಗಂಟುಗಳಲ್ಲಿ ಇಟ್ಟವರು, ಕಣಿವೆಗಳಿಗೆ ಹುಲ್ಲಿನ ಹಗ್ಗದ ಸೇತುವೆ ಕಟ್ಟಿದವರು ಅವರು. ತೊಗಲಿನ ವಾದ್ಯವೂ ಇತ್ತು, ಟಿನ್ಯಾ ಎಂಬ ಪುಟ್ಟ ಡೋಲು ಇವತ್ತಿಗೂ ಅಲ್ಲಿ ಉಳಿದಿದೆ. ಊದುವ ವಾದ್ಯಗಳಲ್ಲಂತೂ ಅವರ ಜಾಣ್ಮೆ ದೊಡ್ಡದು. ಸೀಕು ಎಂಬ ಕೊಳವೆಸಾಲಿನ ಕೊಳಲಿನಲ್ಲಿ ಒಂದು ರಾಗದ ಸ್ವರಗಳನ್ನು ಎರಡು ಸಾಲಿಗೆ ಹಂಚಿ ಇಬ್ಬರ ಕೈಗೆ ಕೊಡುತ್ತಾರೆ. ಒಬ್ಬರು ಬಿಟ್ಟ ಸ್ವರವನ್ನು ಇನ್ನೊಬ್ಬರು ತುಂಬಿದರೆ ಮಾತ್ರ ಹಾಡು ಪೂರ್ತಿ. ಇಷ್ಟೆಲ್ಲ ಇದ್ದ ನೆಲದಲ್ಲಿ 1532ರಲ್ಲಿ ಸ್ಪೇನಿನವರು ನುಗ್ಗುವ ಮುಂಚೆ ತಂತಿವಾದ್ಯ ಇತ್ತು ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಇವತ್ತು ಆಂಡೀಸ್‌ನ ಗುರುತಾಗಿರುವ ಚರಾಂಗೋ ಸ್ಪೇನಿನ ವಾದ್ಯಗಳನ್ನು ನೋಡಿ ಆಮೇಲೆ ಹುಟ್ಟಿದ್ದು. ಇಂಕಾ ಜನರಿಗೆ ಬುದ್ಧಿ ಸಾಲಲಿಲ್ಲ ಎಂದು ಇದರ ಅರ್ಥವಲ್ಲ. ಅವರ ಕಿವಿ ಉಸಿರಿನ ನಾದವನ್ನು ಹುಡುಕಿಕೊಂಡು ಹೋಯಿತು, ಅಷ್ಟೆ. ಆದರೆ ತೊಗಲು, ದಾರ, ಕೈಚಳಕ ಮೂರೂ ಇದ್ದ ಕಡೆಯೂ ಚೌಡಿಕೆಯಂಥದು ತಾನಾಗಿ ಹುಟ್ಟಿ ಬರುವುದಿಲ್ಲ ಎಂಬುದಂತೂ ಸ್ಪಷ್ಟ. ಬಂಗಾಳದ ಖಮಕ್, ಮೇವಾತದ ಭಪಂಗ್, ನಮ್ಮ ಚೌಡಿಕೆ, ತೆಲಂಗಾಣದ ಜಮಿಡಿಕೆ ಎಲ್ಲ ಒಂದೇ ಉಪಖಂಡದಲ್ಲಿ ಗುಂಪಾಗಿ ಇರುವುದು ಒಂದು ಅಪರೂಪದ ಕಲ್ಪನೆ ಕೈಯಿಂದ ಕೈಗೆ ದಾಟಿದ್ದನ್ನು ತೋರಿಸುತ್ತದೆ.

ಇಂಥ ವಾದ್ಯವನ್ನು ಹೊಗಳಬಹುದೇ ಎಂಬ ಕೊನೆಯ ಆಕ್ಷೇಪ ವಿಜ್ಞಾನದ್ದಲ್ಲ, ಅದನ್ನು ವಿಜ್ಞಾನದಿಂದ ತಳ್ಳಿಹಾಕಲೂ ಬಾರದು. ಚೌಡಿಕೆ ಬಹಳ ಕಾಲ ದೇವಿಗೆ ಬಿಟ್ಟ ಹೆಣ್ಣುಮಕ್ಕಳ ಕೈಯಲ್ಲಿತ್ತು. ಆ ಪದ್ಧತಿಯ ಹೆಸರಿನಲ್ಲಿ ನಡೆದ ಶೋಷಣೆಗೆ ತಡೆ ಹಾಕಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು. ಹಲಗೆಯ ಕಥೆಯೂ ಅಂಥದೇ. ಬಾರಿಸುವುದು ಕಲೆಯಾಗಿ ಅಲ್ಲ, ಜಾತಿ ಹೊರಿಸಿದ ಬಿಟ್ಟಿ ಚಾಕರಿಯಾಗಿ ನಡೆದದ್ದೇ ಹೆಚ್ಚು. ಅದರಿಂದ ಕೈ ತೊಳೆದುಕೊಳ್ಳಬೇಕೆಂದು ಹಲಗೆ ಕೆಳಗಿಟ್ಟವರಿದ್ದಾರೆ, ಅದೇ ಹಲಗೆಯನ್ನು ಹೋರಾಟದ ಮೆರವಣಿಗೆಗೆ ಎತ್ತಿಕೊಂಡವರೂ ಇದ್ದಾರೆ. ವಾದ್ಯದ ಭೌತಶಾಸ್ತ್ರ ಚೆಂದ ಎಂದು ಹೊಗಳುವ ನಮ್ಮಂಥವರು ‘ಪರಂಪರೆ ಉಳಿಸಿ’ ಎಂದು ಅವರ ಹೆಗಲಿಗೇ ಅದನ್ನು ಮತ್ತೆ ಹೊರಿಸುವುದು ನಾಚಿಕೆಗೇಡು. ಬಿಡುವ ಹಕ್ಕು ಅವರದು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಪದ್ಧತಿ ಹೋಗಲೆಂದು ವಾದ್ಯವೂ ಹೋಗಬೇಕಿಲ್ಲ. ಮಂಜಮ್ಮ ಜೋಗತಿ ಜೋಗತಿಯರ ಹಾಡು–ಕುಣಿತವನ್ನು ವೇದಿಕೆಗೆ ತಂದರು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಇಂಥ ಬಾಗಿಲು ತೆರೆದ ಮೇಲೆ ಚೌಡಿಕೆಯನ್ನು ಯಾರು ಬೇಕಾದರೂ ಕಲಿಯಬಹುದು, ಸಂಗೀತ ಶಾಲೆಯಲ್ಲಿ ಕಲಿಸಬಹುದು, ಬೀದರಿನ ಕಾಲೇಜಿನ ಲ್ಯಾಬಿಗೂ ತರಬಹುದು.

ಲ್ಯಾಬಿಗೆ ತರುವುದಂತೂ ಕೂಡಲೇ ಆಗುವ ಕೆಲಸ, ಖರ್ಚೂ ಇಲ್ಲ. ಚೌಡಿಕೆಯನ್ನು ತೊಗಲು ಮೇಲೆ, ತೆರೆದ ಬಾಯಿ ಕೆಳಗೆ ಬರುವಂತೆ ಸ್ಟ್ಯಾಂಡಿಗೆ ಬಿಗಿದು, ತಂತಿಯ ತುದಿಯಲ್ಲಿ ಹಿಡಿಯ ಬದಲು ಒಂದು ಕಿಲೋ ತೂಕದ ಬಟ್ಟು ತೂಗುಹಾಕಬೇಕು. ಮೀಟರಿಗೆ ಒಂದು ಗ್ರಾಂ ತೂಗುವ, ತೊಗಲಿನಿಂದ ಬಟ್ಟಿನ ತನಕ 40 ಸೆಂಟಿಮೀಟರ್ ಉದ್ದದ ತಂತಿಯಾದರೆ ಸೂತ್ರದ ಪ್ರಕಾರ ಅದು ಸೆಕೆಂಡಿಗೆ ಸುಮಾರು 124 ಸಲ ಅದುರಬೇಕು. ಮೀಟಿ, ಕಂಪನಸಂಖ್ಯೆ ತೋರಿಸುವ ಮೊಬೈಲ್ ಆ್ಯಪ್ ಒಂದನ್ನು ಹತ್ತಿರ ಹಿಡಿದರೆ ಅದು 248ರ ಆಸುಪಾಸು ತೋರಿಸಬೇಕು. ಬಟ್ಟು ನಾಲ್ಕು ಕಿಲೋ ಆದಾಗ 496. ಆಮೇಲೆ ತೊಗಲಿಗೆ ಒದ್ದೆ ಬಟ್ಟೆ ಸವರಿ ಅದೇ ತೂಕದಲ್ಲಿ ಮತ್ತೆ ಮೀಟಿ ನೋಡಬೇಕು. ದನಿ ಕುಗ್ಗಿದರೂ ಅಂಕಿ ಹೆಚ್ಚು ಅಲುಗಬಾರದು. ಹಲಗೆಗೆ ಇದೇ ಒದ್ದೆ ಬಟ್ಟೆ ಸವರಿದರೆ ಅಂಕಿ ಎಲ್ಲಿಗೆ ಹೋಗುತ್ತದೆಂದು ಹೋಲಿಸಬಹುದು. ಆ್ಯಪಿನ ನಕ್ಷೆಯಲ್ಲಿ 248ರ ಗೆರೆಯ ಜೊತೆಗೆ 124ರ ಗೆರೆ ಕೂಡ ಕಂಡರೆ ತಂತಿ ತೊಗಲಿನ ನಟ್ಟನಡುವೆ ಇಲ್ಲ, ಇಲ್ಲವೇ ಡಬ್ಬಿ ವಾಲಿದೆ ಎಂದರ್ಥ. ಬಿಗಿತವನ್ನು ನೆಟ್ಟಗೆ ಮಾಡಿದಂತೆ 124ರ ಗೆರೆ ತಗ್ಗಬೇಕು. ಎಷ್ಟು ನೆಟ್ಟಗೆ ಮಾಡಿದರೂ 124ರ ಗೆರೆಯೇ ಎತ್ತರವಾಗಿ ನಿಂತರೆ ಎರಡು ಪಟ್ಟಿನ ವಿವರಣೆ ಬಿದ್ದುಹೋಗುತ್ತದೆ. ಒದ್ದೆ ಬಟ್ಟೆಗೆ ಅಂಕಿ ಇಳಿದುಬಿಟ್ಟರೆ 1914ರ ಪಟ್ಟಿಯೇ ಸರಿ, ಚೌಡಿಕೆಯನ್ನು ಮತ್ತೆ ಹಲಗೆಯ ಪಕ್ಕಕ್ಕೆ ಕೂರಿಸಬೇಕಾಗುತ್ತದೆ.